ಬಂಪರಿಗೆ ತೊಡಿಸಿದ ಕಾಲರು

ಒಂದು ಜೊತೆ ಫಾಗ್ ಲ್ಯಾಂಪಿಗೆ ಹನ್ನೆರಡು ಅಂಗಿ. ವೈರು, ಸ್ವಿಚ್ಚು, ಫ್ಯೂಸು ಎಲ್ಲ ಸೇರಿ ಎರಡು ಅಂಗಿ. ಬಂಪರು ಕೊರೆದು ದೀಪ ಕೂರಿಸಿಕೊಡುವುದಕ್ಕೆ ಮೆಕ್ಯಾನಿಕ್ಕಿನ ಕೂಲಿ ಒಂಬತ್ತು ಅಂಗಿ. ದರ್ಜಿಗೆ ಯಾವ ಲೆಕ್ಕವೂ ಅಂಗಿಯಲ್ಲಿ ಹೇಳಿದರೇ ತಲೆಗೆ ಹತ್ತುವುದು. ಒಂದು ಅಂಗಿ ಹೊಲಿದರೆ ಸಿಗುವ ಕೂಲಿಯೇ ಅವನ ನಾಣ್ಯ. ಮಾವ ಈ ಮೂರು ಬಾಬ್ತಿನ ದುಡ್ಡನ್ನೂ ಎಣಿಸಿ ಕೈಗಿಟ್ಟು, ಜೀಪನ್ನು ಅಂಗಡಿ ಮುಂದೆ ನಿಲ್ಲಿಸಿ, "ಅಳಿಯಂದಿರೇ, ಎದುರಿಗಿರೋ ಮೆಕ್ಯಾನಿಕ್ ಹತ್ರ ಮಾಡಿಸಿಡಿ, ಸಂಜೆ ಬರ್ತೀನಿ" ಎಂದು ಹೋಗಿದ್ದರು. ದರ್ಜಿ ಕೊನೆಯ ಒಂಬತ್ತು ಅಂಗಿಯ ಮೇಲೆ ಕಣ್ಣು ಹಾಕಿದ. ಅಲ್ಲಿಂದ ಶುರುವಾಯಿತು ಶನಿ.

ಮಾವನವರದು ಬೆಟ್ಟದ ಕಲ್ಲುದಾರಿಯಲ್ಲಿ ಜನರನ್ನು ಹತ್ತಿಸುವ ಕಸುಬು. ಮೇಲೆ ಹೋದ ಹಾಗೆ ಮಂಜು ಹಾಲಿನ ಕೆನೆಯ ಹಾಗೆ ಕಟ್ಟುತ್ತದೆ. ಹೋದ ವಾರ ಹಿಂದಿನಿಂದ ಬಂದ ಲಾರಿಯೊಂದು ಜೀಪು ಕಾಣದೆ ಇನ್ನೇನು ಗುದ್ದಬೇಕು, ಅಷ್ಟರಲ್ಲಿ ನಿಂತಿತ್ತು. ಹಾಗಾಗಿ ನಾಳೆ ಬೆಳಗಾಗುವುದರೊಳಗೆ ಹಿಂಬದಿಯಲ್ಲಿ ಎರಡು ಕೆಂಪು ದೀಪ ಇರಲೇಬೇಕು. ಅವೂ ಹೊರಗೆ ಚಾಚಿಕೊಂಡು ಕಲ್ಲಿಗೆ ತಾಗಬಾರದು, ಬಂಪರಿನೊಳಗೇ ಹುದುಗಿ ಕೂತಿರಬೇಕು.

"ಅಪ್ಪನ ಜೀಪು ಅದು. ನನ್ನನ್ನೂ ಅಷ್ಟು ಮುದ್ದಾಗಿ ಸಾಕಿಲ್ಲ," ಎಂದಳು ಹೆಂಡತಿ. "ಮೆಕ್ಯಾನಿಕ್ಕಿಗೆ ಕೊಟ್ಟುಬಿಡಿ."

"ಕೋಟಿಗೆ ಜೇಬು ಇಡೋನಿಗೆ ಬಂಪರಿಗೆ ತೂತು ಇಡೋದು ಏನು ಮಹಾ," ಎಂದ ದರ್ಜಿ. ಮಾತು ಧೈರ್ಯದ್ದೇ, ಆದರೆ ಹೇಳುವ ಮೊದಲು ಬೀದಿಯ ತಿರುವಿನ ಕಡೆ ಒಮ್ಮೆ ನೋಡಿಕೊಂಡ.

ನೋಡಿಕೊಳ್ಳುವುದಕ್ಕೆ ಕಾರಣವಿತ್ತು. ಅವನು ಕೂತಿದ್ದ ಅಂಗಡಿ ಮಾವನದು. ಬಾಡಿಗೆಯಿಲ್ಲ, ಕಾಗದವಿಲ್ಲ, "ನಡೆಸ್ಕೊಂಡು ಹೋಗಿ" ಎಂಬ ಒಂದು ಮಾತು ಮಾತ್ರ. ಅವನಿಗಿಂತ ಮೊದಲು ಅಲ್ಲಿ ಗಡಿಯಾರ ರಿಪೇರಿಯವನೊಬ್ಬನಿದ್ದ. ಆ ಪುಣ್ಯಾತ್ಮ ಒಂದು ದಿನ ಒದ್ದೆ ಕೊಡೆಯನ್ನು ಇದೇ ಜೀಪಿಗೆ ಒರಗಿಸಿಟ್ಟ. ಬಾಗಿಲಿನ ಬಣ್ಣಕ್ಕೆ ಕೂದಲೆಳೆಯಷ್ಟು ಗೀರು ಬಿತ್ತು. ವಾರ ಕಳೆಯುವುದರೊಳಗೆ ಅವನು ಗಡಿಯಾರಗಳನ್ನೆಲ್ಲ ಮೂಟೆ ಕಟ್ಟಿಕೊಂಡು ಹೊರಟಿದ್ದ. ಒಂದು ಗೀರಿಗೆ ಆ ಗತಿಯಾದರೆ ಎರಡು ತೂತಿಗೆ ಯಾವ ಗತಿ ಎಂದು ದರ್ಜಿ ಯೋಚಿಸಬೇಕಿತ್ತು. ಯೋಚಿಸಿದ, ಆದರೆ ಡ್ರಿಲ್ಲು ಕೈಗೆ ಬಂದ ಮೇಲೆ.

ದೀಪ, ವೈರು ಅಂಗಡಿಯಲ್ಲಿ ಕೊಂಡದ್ದು, ಡ್ರಿಲ್ಲು ಬಡಗಿಯ ಹತ್ತಿರ ಎರವಲು ತಂದದ್ದು. ಕೆಲಸ ಕಣ್ಣಿಗೆ ಸುಲಭವೇ. ದೀಪ ದುಂಡಗಿತ್ತು, ಅದರ ಬಾಯಿಗೆ ತಟ್ಟೆಯ ಅಂಚಿನಂಥ ಒಂದು ಬಳೆಯಿತ್ತು. ಒಡಲು ತೂತಿನೊಳಗೆ ಇಳಿಯಬೇಕು, ಬಳೆ ಹೊರಗೆ ತಗಡಿನ ಮೇಲೆ ಕೂರಬೇಕು. ದರ್ಜಿ ಕೊರಳಲ್ಲಿದ್ದ ಟೇಪು ತೆಗೆದು ಬಳೆಯ ಅಳತೆ ಹಿಡಿದ. ಹಿಡಿದು, ಇಪ್ಪತ್ತು ವರ್ಷದ ಅಭ್ಯಾಸಬಲದಿಂದ ಸುತ್ತಲೂ ಅರ್ಧ ಬೆರಳು ಹೊಲಿಗೆಗೆಂದು ಹೆಚ್ಚು ಬಿಟ್ಟ. ಬಟ್ಟೆ ಹೆಚ್ಚಾದರೆ ಹಿಡಿಯಬಹುದು, ಕಡಿಮೆಯಾದರೆ ದೇವರೇ ಗತಿ ಎನ್ನುವುದು ಅವನ ಗುರುಗಳು ಹೇಳಿಕೊಟ್ಟ ಮೊದಲ ಪಾಠ. ಸೀಮೆಸುಣ್ಣದಲ್ಲಿ ದುಂಡಗೆ ಗೆರೆ ಎಳೆದ. ಗೆರೆಯುದ್ದಕ್ಕೂ ಸಣ್ಣ ಸಣ್ಣ ತೂತು ಕೊರೆದ. ಉಳಿಯಿಟ್ಟು ಬಡಿದಾಗ ನಡುವಿನ ಬಿಲ್ಲೆ ಠಣ್ ಎಂದು ಕಳಚಿಬಿತ್ತು. ಅರದಿಂದ ಅಂಚು ನಯಮಾಡಿ, ಮಗುವನ್ನು ತೊಟ್ಟಿಲಿಗೆ ಹಾಕುವ ಹಾಗೆ ದೀಪವನ್ನು ತೂತಿಗೆ ಹಿಡಿದ.

ದೀಪ ಬಳೆಸಮೇತ ಒಳಗೆ ಹೋಯಿತು. ಪೆಟ್ಟಿಗೆಯಂತೆ ಪೊಳ್ಳಾಗಿದ್ದ ಬಂಪರಿನೊಳಗೆ ಉರುಳಿ, ಆ ತುದಿಯಲ್ಲಿ ಡಬ್ ಎಂದು ನಿಂತಿತು.

ಅಳತೆ ಮುಗಿಸಿ ದರ್ಜಿ ಮತ್ತೆ ಕೊರಳಿಗೆ ಹಾಕಿಕೊಂಡಿದ್ದ ಟೇಪು ಅಲ್ಲಿಯವರೆಗೂ ಟೇಪಿನ ಹಾಗೆಯೇ ಇತ್ತು, ಈಗ ಯಾಕೋ ನೇಣಿನ ಹಗ್ಗದ ಹಾಗೆ ಅನಿಸತೊಡಗಿತು.

ಸದ್ದು ಕೇಳಿ ಪಕ್ಕದಂಗಡಿಯ ಕ್ಷೌರಿಕ ಕತ್ತರಿ ಹಿಡಿದೇ ಬಂದ. ಅವನ ಕುರ್ಚಿಯಲ್ಲಿ ಅರ್ಧ ತಲೆಯ ಗಿರಾಕಿ ಕಾಯುತ್ತಿದ್ದ. ಕ್ಷೌರಿಕ ತೂತಿನೊಳಗೆ ಒಂದು ಕಣ್ಣಿಟ್ಟು ನೋಡಿದ, ನಾಲಿಗೆ ಲೊಚಗುಟ್ಟಿದ, ಗಡಿಯಾರದವನ ಕತೆಯನ್ನು ಮೊದಲಿಂದ ಕೊನೆಯವರೆಗೆ ಮತ್ತೊಮ್ಮೆ ಹೇಳಿದ. ದರ್ಜಿಗೆ ಬೇಕಿದ್ದದ್ದು ಅದೇ ಕತೆ.

"ಇನ್ನೊಂದು ತೂತನ್ನಾದರೂ ಸಣ್ಣದಾಗಿ ಕೊರೀಲಾ?" ಎಂದು ಕೇಳಿದ.

"ಥೂ, ಒಂದು ದೊಡ್ಡದು ಒಂದು ಚಿಕ್ಕದು ಮಾಡ್ತೀಯೇನಯ್ಯ," ಎಂದ ಕ್ಷೌರಿಕ. "ಮೀಸೆ ಒಂದು ಕಡೆ ಜಾಸ್ತಿ ಹೋಯ್ತು ಅಂತಿಟ್ಕೋ. ಇನ್ನೊಂದು ಕಡೆನೂ ಅಷ್ಟೇ ತೆಗೀಬೇಕು. ಆಗ ಅದು ತಪ್ಪಲ್ಲ, ಸ್ಟೈಲು."

ಇದನ್ನು ಕೇಳಿ ದರ್ಜಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಒಂದು ತೋಳು ಉದ್ದ, ಒಂದು ತೋಳು ಗಿಡ್ಡವಾದರೆ ಗಿರಾಕಿ ಮೊದಲು ನೋಡುವುದೇ ಅದನ್ನು. ಎರಡನೆಯ ತೂತನ್ನೂ ಅಷ್ಟೇ ದೊಡ್ಡದಾಗಿ, ಅಷ್ಟೇ ನಯವಾಗಿ ಕೊರೆದ. ಈಗ ಬಂಪರಿನಲ್ಲಿ ಎರಡು ತೂತು ಕಣ್ಣರಳಿಸಿ ಅವನನ್ನೇ ನೋಡುತ್ತಿದ್ದವು. ಕ್ಷೌರಿಕ ತನ್ನ ಅರ್ಧ ತಲೆಯ ಕಡೆಗೆ ಮೆಲ್ಲನೆ ಜಾರಿಕೊಂಡ.

ದರ್ಜಿ ಸೊಂಟ ಬಗ್ಗಿಸಿಕೊಂಡು ಎದುರಿನ ಮೆಕ್ಯಾನಿಕ್ಕಿನ ಹತ್ತಿರ ಹೋದ. ಆಳು ಬಾಗಿಲಿನಷ್ಟು ಅಗಲ, ಎಣ್ಣೆ ಬಳಿದುಕೊಂಡ ತೋಳು. ಗೋಡೆಗೆ ಒಂದು ತಗಡಿನ ಮಾಡು ಇಳಿಬಿಟ್ಟುಕೊಂಡು ಬೀದಿಯಲ್ಲೇ ಕೆಲಸ. ಬೆಳಗಿನಿಂದ ಒಂದು ಕಾರಿನಡಿ ಮಲಗಿಕೊಂಡು ಎಲ್ಲವನ್ನೂ ನೋಡಿದ್ದ. ತೂತಿಗೆ ಪಟ್ಟಿ ಬೆಸೆದು, ಉಜ್ಜಿ, ಬಣ್ಣ ಹೊಡೆದು, ಒಣಗಿಸಿ ಕೊಡುವಾಗ ನಾಳಿದ್ದು ಸಂಜೆಯಾಗುತ್ತದೆ ಎಂದು ಕಾರಿನಡಿಯಿಂದಲೇ ಹೇಳಿದ.

"ಸಂಜೆಗೆ ಮಾವ ಬರ್ತಾರೆ," ಎಂದ ದರ್ಜಿ.

"ಹಾಗಾದ್ರೆ ನೀವು ನನ್ನ ಕೇಳಿಲ್ಲ, ನಾನು ನಿಮ್ಮನ್ನ ನೋಡಿಲ್ಲ," ಎಂದು ಮೆಕ್ಯಾನಿಕ್ ಮತ್ತೆ ಒಳಕ್ಕೆ ಸರಿದ.

ಅಷ್ಟರಲ್ಲಿ ಮಾವನ ಫೋನು. ಮೆಕ್ಯಾನಿಕ್ ಕೆಲಸಕ್ಕೆ ಕೈಹಾಕಿದನೇ ಎಂದು ಕೇಳಿದರು. ಹಾಕಿದ್ದಾನೆ, ಬಹಳ ಶ್ರದ್ಧೆಯಿಂದ ಮಾಡುತ್ತಿದ್ದಾನೆ, ನಾನು ಜೀಪಿನ ಹತ್ತಿರವೂ ಸುಳಿದಿಲ್ಲ ಎಂದು ದರ್ಜಿ ಕೇಳದ್ದನ್ನೂ ಸೇರಿಸಿ ಹೇಳಿದ. ಹಾಗಾದರೆ ಬೇಗನೆ ಬರುತ್ತೇನೆ ಎಂದರು ಮಾವ.

ದರ್ಜಿಯ ಕೈಗೆ ಗೊತ್ತಿದ್ದದ್ದು ಒಂದೇ ಕೆಲಸ. ಸಡಿಲವಾದ ಕೊರಳಿಗೆ ಏನು ಮಾಡುತ್ತಾರೆ? ಕಾಲರು ಹಚ್ಚುತ್ತಾರೆ. ಹಳೆಯ ಟೈರಿನ ಟ್ಯೂಬು ಹುಡುಕಿ ತಂದ. ಕತ್ತರಿಸಿ, ಎರಡು ಪದರವಾಗಿ ಮಡಿಸಿ, ಚೀಲ ಹೊಲಿಯುವ ದಪ್ಪ ಸೂಜಿಯಿಂದ ಎರಡು ಸಾಲು ಹೊಲಿಗೆ ಹಾಕಿ, ದುಂಡನೆಯ ಎರಡು ಕಾಲರು ತಯಾರಿಸಿದ. ರಬ್ಬರಿನ ಒಳಮಡಿಕೆಯಲ್ಲಿ ದೀಪದ ಬಳೆ ಕಚ್ಚಿ ಕೂತಿತು. ಹೊರಮಡಿಕೆಯನ್ನು ತಗಡಿಗೆ ಸುತ್ತಲೂ ಸ್ಕ್ರೂ ಹಾಕಿ ಬಿಗಿದ. ಅದಕ್ಕೂ ಮೊದಲು, ಬಂಪರಿನೊಳಗೆ ಬಿದ್ದ ದೀಪವನ್ನು ಈಚೆಗೆಳೆಯಲು ಹೆಂಡತಿ ಬಟ್ಟೆ ನೇತುಹಾಕುವ ತಂತಿಯನ್ನು ಕೊಕ್ಕೆಯಾಗಿ ಬಗ್ಗಿಸಿ ಕೊಟ್ಟಿದ್ದಳು. ಕೊನೆಗೆ ವೈರು ಎಳೆದು ಸ್ವಿಚ್ಚು ಒತ್ತಿದ. ಮುಂದೆ ವೈಪರು ಆಡತೊಡಗಿತು. ಇನ್ನೊಂದು ವೈರಿಗೆ ಸೇರಿಸಿದ, ಹಾರನ್ನು ಬಡಿದುಕೊಂಡು ಬೀದಿಯವರೆಲ್ಲ ಹೊರಗೆ ಬಂದರು. ಮೂರನೆಯ ಸಲಕ್ಕೆ ದೀಪಗಳು ಕೆಂಪಗೆ ಹೊತ್ತಿದವು. ಅದೇ ಹೊತ್ತಿಗೆ ಮಾವ ಬೀದಿಯ ತಿರುವಿನಲ್ಲಿ ಕಾಣಿಸಿಕೊಂಡರು.

ದರ್ಜಿ ಹೋಗಿ ಬಂಪರಿನ ಮೇಲೆ ಕೂತುಬಿಟ್ಟ. ಒಂದು ದೀಪವನ್ನಾದರೂ ಪೈಜಾಮ ಮರೆಮಾಡೀತು ಎಂಬ ಆಸೆ.

"ಏಳಿ ಅಳಿಯಂದಿರೇ," ಎಂದರು ಮಾವ.

ಎದ್ದ. ಮಾವ ಬಗ್ಗಿದರು. ಹೆಬ್ಬೆರಳಿನಿಂದ ದೀಪವನ್ನು ಒತ್ತಿದರು, ಅದು ಒಳಗೆ ಹೋಗಿ ಮತ್ತೆ ಈಚೆ ಬಂತು. ಕಾಲರಿನ ಹೊಲಿಗೆಯ ಮೇಲೆ ಉಗುರಾಡಿಸಿದರು. ರಸ್ತೆಬದಿಯ ಒಂದು ಕಲ್ಲು ಎತ್ತಿಕೊಂಡು ದೀಪದ ಬಳೆಗೆ ಎರಡೇಟು ಕುಟ್ಟಿದರು. ದೀಪ ಅಲುಗಾಡಿ ಸುಮ್ಮನಾಯಿತು. ಅಷ್ಟರಲ್ಲಿ ದರ್ಜಿ ಮನಸ್ಸಿನೊಳಗೇ ಮಿಷನ್ನನ್ನು ಗೋಣಿತಟ್ಟಿನಲ್ಲಿ ಸುತ್ತಿ, ಗಾಡಿಗೆ ಹೇರಿ, ಗಡಿಯಾರದವನ ಊರಿನ ದಾರಿಯನ್ನೂ ವಿಚಾರಿಸಿ ಮುಗಿಸಿದ.

"ಇದನ್ನ ಮಾಡಿದ್ದು ಯಾರು?"

"ಮೆಕ್ಯಾನಿಕ್, ಮಾವ. ನಾನು ಕೈ ಕೂಡ ತಾಗಿಸಿಲ್ಲ. ಬೇಡ ಬೇಡ ಅಂದೆ, ಕೇಳಲಿಲ್ಲ."

ಮಾವ ಕಲ್ಲನ್ನು ಕೈಯಲ್ಲಿ ಹಿಡಿದೇ ಬೀದಿ ದಾಟಿದರು. ದರ್ಜಿ ಹಿಂದೆ ಹೋಗದಿದ್ದರೆ ಮೆಕ್ಯಾನಿಕ್ ಸತ್ಯ ಹೇಳುತ್ತಾನೆ, ಹೋದರೆ ಇಬ್ಬರಲ್ಲಿ ಒಬ್ಬರು ಅವನ ಮೇಲೆ ಕೈಯೆತ್ತುತ್ತಾರೆ. ಹೋದ, ಆದರೆ ಮಾವನ ಬೆನ್ನ ಮರೆಯಲ್ಲಿ.

ಮಾವ ಕಲ್ಲು ಬಿಸಾಡಿ ಮೆಕ್ಯಾನಿಕ್ಕಿನ ಎಣ್ಣೆಗೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಬೆಟ್ಟದ ದಾರಿಯಲ್ಲಿ ಓಡುವ ಜೀಪಿನವರು ಇದುವರೆಗೆ ಹಾಕಿಸಿದ ದೀಪಗಳೆಲ್ಲ ತಗಡಿಗೆ ತಗಡು ಕುಟ್ಟಿಕೊಂಡು ತಿಂಗಳೊಪ್ಪತ್ತಿನಲ್ಲಿ ಒಡೆದವು ಎಂದರು. ರಬ್ಬರಿನಲ್ಲಿ ಕೂರಿಸಬೇಕೆಂಬ ಬುದ್ಧಿ ಯಾವ ಗ್ಯಾರೇಜಿನವನಿಗೂ ಬರಲಿಲ್ಲ ಎಂದರು.

ಮೆಕ್ಯಾನಿಕ್ ದರ್ಜಿಯನ್ನು ನೋಡಿದ. ದರ್ಜಿ ನೆಲ ನೋಡಿದ. ಮೆಕ್ಯಾನಿಕ್ ಕೈಯನ್ನು ಚಿಂದಿಬಟ್ಟೆಗೆ ನಿಧಾನವಾಗಿ ಒರೆಸಿಕೊಂಡ.

"ತೂತನ್ನ ಬೇಕಂತಲೇ ಸ್ವಲ್ಪ ದೊಡ್ಡದು ತೆಗೀಬೇಕು ಯಜಮಾನ್ರೇ," ಎಂದ. "ಅಲ್ಲೇ ಇರೋದು ಗುಟ್ಟು."

"ಮಾವ, ನಿಜ ಹೇಳಬೇಕು ಅಂದ್ರೆ..." ಎಂದು ದರ್ಜಿ ಬಾಯಿ ತೆರೆದ.

"ನಿಮಗೆ ಗುಂಡಿ ಹಚ್ಚೋದು ಗೊತ್ತು, ಇದೆಲ್ಲ ಬಿಡಿ. ಇವರಿಗೆ ಕೂಲಿ ಕೊಟ್ರಾ?"

"ಇನ್ನೂ ಇಲ್ಲ ಯಜಮಾನ್ರೇ," ಎಂದ ಮೆಕ್ಯಾನಿಕ್, ಬೇಸರವಿಲ್ಲದ ದನಿಯಲ್ಲಿ.

ನಿಜ ಹೇಳಿದರೆ ಕೂಲಿ ಎಲ್ಲಿಗೆ ಹೋಯಿತೆಂದೂ ಹೇಳಬೇಕು. ಫೋನಿನಲ್ಲಿ ಯಾಕೆ ಸುಳ್ಳು ಹೇಳಿದೆನೆಂದೂ ಹೇಳಬೇಕು. ದರ್ಜಿ ಜೇಬಿಗೆ ಕೈಹಾಕಿ, ಪೂರಾ ಎಣಿಸಿ, ತಾನು ಮಾಡಿದ ಕೆಲಸದ ಕೂಲಿಯನ್ನು ಮೆಕ್ಯಾನಿಕ್ಕಿಗೆ ಕೊಟ್ಟ. ಮೆಕ್ಯಾನಿಕ್ ಅದನ್ನು ಕಣ್ಣಿಗೊತ್ತಿಕೊಂಡ.

ಬೆಟ್ಟ ಹತ್ತುವ ಜೀಪಿನವರನ್ನೆಲ್ಲ ನಾಳೆಯಿಂದ ಇಲ್ಲಿಗೇ ಕಳಿಸುತ್ತೇನೆ ಎಂದರು ಮಾವ. ಆಮೇಲೆ ಆ ತಗಡಿನ ಮಾಡನ್ನು ನೋಡಿದರು, ತಮ್ಮ ಅಂಗಡಿಯನ್ನು ನೋಡಿದರು. "ಇಂಥ ಕೈ ಬಿಸಿಲಲ್ಲಿ ಕೂರಬಾರದು. ಅಳಿಯಂದಿರೇ, ನಿಮ್ಮ ಮಿಷನ್ನು ಹಿಂದಿನ ಮೂಲೆಗೆ ಸರಿಸಿ. ಮುಂದಿನ ಅರ್ಧ ಇವರಿಗಿರ್ಲಿ."

ಕ್ಷೌರಿಕ ತನ್ನ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡ. ಇದು ಕೂಡ ಒಂಥರಾ ಸಮ ಮಾಡಿದ ಹಾಗೇ ಆಯಿತು ಎಂದು ಗಿರಾಕಿಗೆ ಹೇಳುತ್ತಿದ್ದ.

ಮಾರನೆಯ ದಿನವೇ ಮೂರು ಜೀಪು ಬಂದು ನಿಂತವು. ಮೆಕ್ಯಾನಿಕ್ ಒಂದು ರಾಶಿ ಹಳೆಯ ಟ್ಯೂಬು ತಂದು ದರ್ಜಿಯ ಮೂಲೆಯಲ್ಲಿ ಹಾಕಿ, ಮಧ್ಯಾಹ್ನದೊಳಗೆ ಆರು ಕಾಲರು ಬೇಕು, ಕೂಲಿ ಕೇಳಿದರೆ ಕಲ್ಲು ಹಿಡಿದು ಬಂದ ಯಜಮಾನರಿಗೆ ಎಲ್ಲ ಹೇಳಿಬಿಡುತ್ತೇನೆ ಎಂದು ನಗುತ್ತಲೇ ಹೇಳಿದ. ದರ್ಜಿ ದಪ್ಪ ಸೂಜಿಗೆ ದಾರ ಪೋಣಿಸಿದ.

ಅವನು ಕಳೆದುಕೊಂಡದ್ದು ಒಂಬತ್ತು ಅಂಗಿಯ ಕೂಲಿ, ಅರ್ಧ ಅಂಗಡಿ. ಗಳಿಸಿದ್ದು ಮಾವನ ಜೀಪಿನ ಹಿಂದೆ ಎರಡು ಕೆಂಪು ದೀಪ.