ಒಂಬತ್ತನೆಯ ಗೂಢಚಾರ, ಹನ್ನೆರಡನೆಯ ಗೂಢಚಾರ ಮತ್ತು ನನ್ನ ಅಂಗಡಿಯ ಬೀಗದ ಕೈ

ಗೂಢಚಾರ ಚಿತ್ರಮಾಲೆಯ ನಿರ್ಮಾಣ ಸಂಸ್ಥೆಯ ಕಥಾ ವಿಭಾಗದ ಮುಖ್ಯಸ್ಥರಿಗೆ (ಅಂಥ ವಿಭಾಗವೊಂದು ಇದ್ದಲ್ಲಿ),

ಮಾನ್ಯರೇ,

ಮೂವತ್ತೆಂಟು ವರ್ಷಗಳಿಂದ ಗಡಿಯಾರ ರಿಪೇರಿ ಮಾಡಿಕೊಂಡು, ತಮ್ಮ ಗೂಢಚಾರರ ಹನ್ನೆರಡೂ ಚಿತ್ರಗಳನ್ನು ಬಿಡುಗಡೆಯಾದ ವಾರವೇ ನೋಡುತ್ತ ಬಂದಿರುವ ಈ ಸಾಮಾನ್ಯ ಪ್ರೇಕ್ಷಕನ ವಂದನೆಗಳನ್ನು ತಾವು ದೊಡ್ಡ ಮನಸ್ಸು ಮಾಡಿ ಸ್ವೀಕರಿಸಬೇಕು. ಮೊಣಕಾಲು ನೋವಿರುವುದರಿಂದ ಕುಳಿತಲ್ಲಿಂದಲೇ ವಂದಿಸುತ್ತಿದ್ದೇನೆ. ತಮ್ಮ ಗೂಢಚಾರರಿಗೆ ಈ ತೊಂದರೆ ಇಲ್ಲವೆಂದು ಬಲ್ಲೆ. ನನಗಿಂತ ಎರಡೇ ವರ್ಷ ಚಿಕ್ಕವರಾದರೂ ಅವರು ಈಗಲೂ ಛಾವಣಿಯಿಂದ ಛಾವಣಿಗೆ ಹಾರುತ್ತಾರೆ.

ವಿಷಯಕ್ಕೆ ಬರುತ್ತೇನೆ. ಹೋದ ತಿಂಗಳು ಒಂದು ಭಾನುವಾರ ಮಧ್ಯಾಹ್ನ ನಮ್ಮ ಮನೆಯ ಟೀವಿಯಲ್ಲಿ ತಮ್ಮ ಹನ್ನೆರಡನೆಯ ಚಿತ್ರ ಬರುತ್ತಿತ್ತು. ಮಗಳು, ಅಳಿಯ, ಮೊಮ್ಮಗಳು ಸೋಫಾದ ಮೇಲೆ ಸಾಲಾಗಿ ಕೂತಿದ್ದರು. ನಾನು ಚಹಾದ ಲೋಟ ಹಿಡಿದು ಅಡುಗೆಮನೆಯಿಂದ ಬರುವ ಹೊತ್ತಿಗೆ ಗೂಢಚಾರರು ಹಿಮದ ಬೆಟ್ಟದ ಮೇಲೆ ಕೇಬಲ್ ಕಾರಿಗೆ ಒಂದೇ ಕೈಯಲ್ಲಿ ನೇತಾಡುತ್ತಿದ್ದರು. ಈಗ ನೋಡ್ತಾ ಇರಿ, ಆ ವಿಜ್ಞಾನಿಯ ಮಗಳೇ ಅವನ ಬೆರಳು ಬಿಡಿಸಿ ಕೆಳಕ್ಕೆ ತಳ್ತಾಳೆ ಎಂದು ನಿಂತಲ್ಲೇ ಹೇಳಿಬಿಟ್ಟೆ. ಅವಳು ತಳ್ಳಲಿಲ್ಲ, ಕೈಹಿಡಿದು ಮೇಲಕ್ಕೆ ಎಳೆದುಕೊಂಡಳು. ಅವಳು ಮಗಳೂ ಅಲ್ಲವಂತೆ, ವಿಜ್ಞಾನಿಯ ತಂಗಿಯಂತೆ. ನನ್ನ ಮಗಳು ಅಳಿಯನ ಮುಖ ನೋಡಿದಳು, ಅಳಿಯ ಟೀವಿಯ ಸದ್ದು ಕಡಿಮೆ ಮಾಡಿದರು. ನನಗೆ ಮರೆವು ಶುರುವಾಗಿದೆಯೆಂದು ಆ ವಾರವೇ ನನ್ನನ್ನು ಡಾಕ್ಟರ ಬಳಿ ಕರೆದೊಯ್ದರು. ಒಬ್ಬರ ಗಡಿಯಾರ ಇನ್ನೊಬ್ಬರಿಗೆ ಕೊಟ್ಟುಬಿಟ್ಟರೆ ಏನು ಗತಿ ಎಂಬ ಕಾಳಜಿಯಿಂದ ನನ್ನ ಅಂಗಡಿಯ ಬೀಗದ ಕೈ ಮಗಳ ಬೀರು ಸೇರಿತು.

ಇದರಲ್ಲಿ ತಮ್ಮ ತಪ್ಪು ಎಳ್ಳಷ್ಟೂ ಇಲ್ಲ. ವಿಜ್ಞಾನಿಯ ಮಗಳು ತಳ್ಳುವುದು ಒಂಬತ್ತನೆಯ ಚಿತ್ರದಲ್ಲಿ, ನಾನದನ್ನು ಹನ್ನೆರಡನೆಯದಕ್ಕೆ ಸೇರಿಸಿದೆ. ಒಂಬತ್ತನೆಯದಕ್ಕೂ ಹನ್ನೆರಡನೆಯದಕ್ಕೂ ಎಷ್ಟೊಂದು ವ್ಯತ್ಯಾಸ! ಒಂಬತ್ತರ ಖಳನಾಯಕನಿಗೆ ಎಡಗಣ್ಣಿಲ್ಲ. ಹನ್ನೆರಡರಲ್ಲಿ ತಾವು ಹಗಲಿರುಳು ತಲೆ ಕೆಡಿಸಿಕೊಂಡು ಬಲಗಣ್ಣು ತೆಗೆಸಿದ್ದೀರಿ. ಅವನು ಲೋಕವನ್ನು ನೀರಿನಲ್ಲಿ ಮುಳುಗಿಸಲು ಹೊರಟಿದ್ದ, ಇವನು ಇರುವ ನೀರನ್ನೆಲ್ಲ ಆವಿ ಮಾಡಲು ಹೊರಟಿದ್ದಾನೆ. ಎರಡರಲ್ಲೂ ಗೂಢಚಾರರನ್ನು ಇಲಾಖೆಯವರು ಕೆಲಸದಿಂದ ತೆಗೆಯುತ್ತಾರೆ, ಎರಡರಲ್ಲೂ ಅವರು ಕೆಲಸವಿಲ್ಲದೆಯೇ ಲೋಕ ಉಳಿಸುತ್ತಾರೆ, ಎರಡರಲ್ಲೂ ಮೇಲಧಿಕಾರಿಗಳು ಕೊನೆಗೆ ಕಿಟಕಿಯ ಕಡೆ ಮುಖ ತಿರುಗಿಸಿ ನಗುತ್ತಾರೆ. ಆದರೆ ಒಂಬತ್ತರ ಕಿಟಕಿಗೆ ಪರದೆಯಿತ್ತು ಎಂಬುದನ್ನು ನಾವು ಮರೆಯಬಾರದು. ಬಾಂಬು ಒಂಬತ್ತರಲ್ಲಿ ಮೂರು ಸೆಕೆಂಡು ಉಳಿದಿರುವಾಗ ನಿಲ್ಲುತ್ತದೆ, ಹನ್ನೆರಡರಲ್ಲಿ ಎರಡೇ ಉಳಿದಿರುವಾಗ. ಈ ಹನ್ನೆರಡರ ಬಾಂಬಿನ ಗಡಿಯಾರ ಹತ್ತರಿಂದ ಎರಡಕ್ಕೆ ಇಳಿಯಲು ಒಂದು ನಿಮಿಷ ನಲವತ್ತು ಸೆಕೆಂಡು ತೆಗೆದುಕೊಳ್ಳುತ್ತದೆ, ಅಳೆದು ನೋಡಿದ್ದೇನೆ. ದಯವಿಟ್ಟು ಅದನ್ನು ನನಗೆ ಕಳಿಸಿಕೊಡಿ, ಪುಕ್ಕಟೆ ರಿಪೇರಿ ಮಾಡಿಕೊಡುತ್ತೇನೆ; ಅಂಗಡಿ ತೆರೆದ ಮೇಲೆ.

ಡಾಕ್ಟರು ಇವತ್ತು ಯಾವ ವಾರ ಎಂದು ಕೇಳಿದರು, ಹೇಳಿದೆ. ನೂರರಿಂದ ಏಳೇಳು ಕಳೆಯುತ್ತ ಬನ್ನಿ ಎಂದರು, ಎರಡಕ್ಕೆ ಬಂದು ನಿಂತೆ. ಆಮೇಲೆ ನೋಡಿದರೆ ಅವರೂ ತಮ್ಮ ಅಭಿಮಾನಿಯೇ. ತಳ್ಳಿದ್ದು ಎಂಟನೆಯ ಚಿತ್ರದಲ್ಲಿ, ತಳ್ಳಿದವಳು ಒಬ್ಬ ನರ್ಸು ಎಂದು ನನ್ನನ್ನು ತಿದ್ದಿದರು. ಎಂಟರಲ್ಲಿ ಕೇಬಲ್ ಕಾರೇ ಇಲ್ಲ. ಆದರೂ ಅವರ ಸ್ಟೆತೊಸ್ಕೋಪನ್ನು ಯಾರೂ ಬೀರುವಿನಲ್ಲಿಟ್ಟು ಬೀಗ ಹಾಕಲಿಲ್ಲ.

ನಿಜ ಹೇಳಬೇಕೆಂದರೆ ನನ್ನ ತಪ್ಪಿಗೆ ಕಾರಣವೇ ಬೇರೆ. ನಾನು ಮನುಷ್ಯರ ಮುಖಕ್ಕಿಂತ ಮುಂಚೆ ಮಣಿಕಟ್ಟು ನೋಡುವವನು, ಕಸುಬಿನ ಚಾಳಿ. ಹನ್ನೆರಡನೆಯ ಚಿತ್ರದುದ್ದಕ್ಕೂ ಗೂಢಚಾರರು ಕಟ್ಟಿಕೊಂಡಿರುವುದು ಉಕ್ಕಿನ ಪಟ್ಟಿಯ ಗಡಿಯಾರ. ಕೇಬಲ್ ಕಾರಿಗೆ ನೇತಾಡುವ ನಾಲ್ಕೇ ನಾಲ್ಕು ಸೆಕೆಂಡು ಮಾತ್ರ ಅವರ ಕೈಯಲ್ಲಿ ಕಪ್ಪು ಚರ್ಮದ ಪಟ್ಟಿಯದು, ಗಾಜಿನ ಅಂಚಿನಲ್ಲಿ ಬಿರುಕು ಬಿಟ್ಟಿರುವುದು ಇದೆ. ಅದು ಒಂಬತ್ತನೆಯ ಚಿತ್ರದ ಗಡಿಯಾರ. ಹಳೆಯ ತುಣುಕನ್ನೇ ಕತ್ತರಿಸಿ ಹೊಸದರಲ್ಲಿ ಅಂಟಿಸಿದ ತಮ್ಮ ಮಿತವ್ಯಯಕ್ಕೆ ತಲೆದೂಗುತ್ತೇನೆ, ಆದರೆ ನಾನು ಕಂಡದ್ದು ಒಂಬತ್ತನ್ನು, ಹೇಳಿದ್ದೂ ಒಂಬತ್ತರ ಕಥೆಯನ್ನು. ಇದನ್ನು ಮನೆಯಲ್ಲಿ ವಿವರಿಸಿದಾಗ ಮಗಳು ನನ್ನ ಬೆನ್ನು ಸವರಿ, ಆಯ್ತಪ್ಪ, ಹಾಗೇ ಇರ್ಬಹುದು, ಸ್ವಲ್ಪ ಹೊತ್ತು ಮಲಗಿ ಎಂದಳು.

ಮಾನ್ಯರೇ, ತಮಾಷೆಯಾಗಿ ಬರೆಯುತ್ತಿದ್ದೇನೆ, ಆದರೆ ನಗು ಬರುತ್ತಿಲ್ಲ. ಮಗಳು ಈಗ ನನ್ನ ಜತೆ ಜೋರಾಗಿ, ಒಂದೊಂದೇ ಮಾತು ಬಿಡಿಸಿ ಆಡುತ್ತಾಳೆ. ನಾನು ಅಡುಗೆಮನೆಗೆ ಹೋದರೆ ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಯಾರಾದರೊಬ್ಬರು ಹಿಂದೆಯೇ ಬರುತ್ತಾರೆ. ಅಂಗಡಿಯಲ್ಲಿ ಹದಿನೇಳು ಗಡಿಯಾರಗಳು ರಿಪೇರಿಗೆ ಕಾಯುತ್ತಿವೆ. ಯಾವುದು ಯಾರದೆಂದು ಚೀಟಿ ನೋಡದೆ ಹೇಳಬಲ್ಲೆ, ಕೇಳುವವರಿಲ್ಲ. ಇದರಿಂದ ನನಗೆ ತುಂಬ ನೋವಾಗಿದೆ.

ಆದ್ದರಿಂದ, ಒಂಬತ್ತೂ ಹನ್ನೆರಡೂ ಒಂದೇ ಚಿತ್ರವೆಂದು ಸಂಸ್ಥೆಯ ಮೊಹರು ಒತ್ತಿದ ಪ್ರಮಾಣಪತ್ರವೊಂದನ್ನು ದಯಪಾಲಿಸಬೇಕಾಗಿ ಕೋರುತ್ತೇನೆ. ಅದು ಕಷ್ಟವಾದರೆ ಗೂಢಚಾರರನ್ನೇ ಒಂದು ಸಂಜೆ ನಮ್ಮ ಮನೆಗೆ ಕಳಿಸಿ. ಎಂತೆಂಥ ಕೋಟೆಗಳಿಗೆ ನುಗ್ಗಿ ಏನೇನೋ ಕದ್ದು ತಂದವರು, ಮಗಳ ಬೀರುವಿನಿಂದ ಒಂದು ಬೀಗದ ಕೈ ತರಲಾರರೇ? ಅದೂ ಆಗದಿದ್ದರೆ ಹದಿಮೂರನೆಯ ಚಿತ್ರದಲ್ಲಾದರೂ ಹೊಸ ಸಂಗತಿಯೊಂದನ್ನು ಇಡಿ. ಗೂಢಚಾರರು ಒಮ್ಮೆ ಸೋಲಲಿ. ಅಷ್ಟು ಧೈರ್ಯವಿಲ್ಲದಿದ್ದರೆ ಒಮ್ಮೆ ಕೆಮ್ಮಲಿ, ಸಾಕು.

ಉತ್ತರದ ದಾರಿ ಕಾಯುತ್ತ,
ಇಷ್ಟಾದರೂ ತಮ್ಮ ವಿಶ್ವಾಸಿಯಾಗಿಯೇ ಉಳಿದಿರುವ
ಗಡಿಯಾರ ರಿಪೇರಿಯವನು

ತಾ.ಕ.: ಈ ಪತ್ರವನ್ನು ಅಂಚೆಗೆ ಹಾಕುವ ಮೊದಲೇ ಹದಿಮೂರನೆಯ ಚಿತ್ರ ಬಂತು. ನನಗೆ ಗೊಂದಲವಾದೀತೆಂದು ನನ್ನನ್ನು ಬಿಟ್ಟು ಮೂವರೂ ಹೊರಟರು. ಯಾರು ದ್ರೋಹ ಮಾಡುತ್ತಾರೆ, ಯಾರು ಸಾಯುತ್ತಾರೆ, ಯಾರು ಸತ್ತಂತೆ ನಟಿಸುತ್ತಾರೆ ಎಂದು ಇಡೀ ಕಥೆಯನ್ನು ಒಂದು ಹಾಳೆಯಲ್ಲಿ ಬರೆದು, ಮಧ್ಯಂತರದಲ್ಲಿ ಓದು ಎಂದು ಮಗಳ ಕೈಚೀಲದಲ್ಲಿಟ್ಟು ಕಳಿಸಿದೆ. ಒಂದೇ ಒಂದು ಕಡೆ ತಪ್ಪಿದ್ದೇನಂತೆ: ನಾನು ದೋಣಿ ಎಂದಿದ್ದೆ, ತಾವು ಹಡಗು ತಂದಿದ್ದೀರಿ. ಮನೆಗೆ ಬಂದವಳು ಚಪ್ಪಲಿಯನ್ನೂ ಬಿಡದೆ ಸೀದಾ ಬೀರುವಿನ ಬಳಿ ಹೋದಳು. ಈ ಸಾಲುಗಳನ್ನು ನನ್ನ ಅಂಗಡಿಯಲ್ಲಿ ಕೂತು ಬರೆಯುತ್ತಿದ್ದೇನೆ. ಮೇಲಿನ ಕೋರಿಕೆಗಳನ್ನೆಲ್ಲ ಈ ಮೂಲಕ ವಾಪಸು ಪಡೆದಿದ್ದೇನೆ. ಹದಿನಾಲ್ಕನೆಯ ಚಿತ್ರದಲ್ಲಿ ದಯವಿಟ್ಟು ಏನನ್ನೂ ಬದಲಾಯಿಸಬೇಡಿ. ತಾವು ಹೊಸ ಕಥೆ ಬರೆದ ದಿನ ನನ್ನ ಅಂಗಡಿಗೆ ಮತ್ತೆ ಬೀಗ ಬೀಳುತ್ತದೆ.