ಮನಸ್ಸಿನ ಪಾಠಕ್ಕೆ ಮೂರು ಪ್ರತಿ

ಟೈಪಿಸ್ಟ್ ಕೈಯಲ್ಲಿ ತಪ್ಪಾಗೋದು ಅನ್ನದಲ್ಲಿ ಕಲ್ಲು ಸಿಕ್ಕಿದ ಹಾಗೆ. ಎಷ್ಟೇ ಹುಷಾರಾಗಿ ಆರಿಸಿದರೂ ಒಂದಲ್ಲ ಒಂದು ದಿನ ಹಲ್ಲಿಗೆ ಸಿಕ್ಕೇ ಸಿಗುತ್ತೆ. ತುಮಕೂರಿನ ಶಿರಾ ಗೇಟ್ ಹತ್ತಿರದ ಒಂದು ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಹನ್ನೆರಡು ವರ್ಷ ಕೀಲಿ ಕುಟ್ಟಿದವಳು ನಾನು. ನನಗೆ ಸಿಕ್ಕ ಕಲ್ಲುಗಳಲ್ಲಿ ಬಹುಪಾಲು ಒಂದೇ ಲೇಖನದಲ್ಲಿ ಸಿಕ್ಕವು.

ಸದಾ ಪ್ರಾರ್ಥಿಸುವ

ಎಂಬತ್ತರ ದಶಕದ ಶುರು. ಮನೋವೈದ್ಯರೊಬ್ಬರು ಕೈಬರಹದ ಹಾಳೆಗಳನ್ನು ಹಿಡಿದು ಬಂದರು. ಗುಬ್ಬಿ, ಕುಣಿಗಲ್ ಕಡೆಯ ನರ್ಸಮ್ಮಂದಿರಿಗೆ ಅವರು ವಾರಕ್ಕೊಂದು ಪಾಠ ಮಾಡುತ್ತಿದ್ದರು. ಮನಸ್ಸಿನ ಕಾಯಿಲೆಯನ್ನು ಗುರುತಿಸೋದು ಹೇಗೆ, ಮನೆಯವರ ಹತ್ತಿರ ಮಾತಾಡೋದು ಹೇಗೆ ಅಂತ. ಮನೋವೈದ್ಯಶಾಸ್ತ್ರ ಕಲಿಸುವ ವಿಷಯಕ್ಕೇ ಮೀಸಲಾದ ಜರ್ನಲ್ ಒಂದು ಪರದೇಶದಲ್ಲಿತ್ತು. ಅದಕ್ಕೆ ಕಳಿಸಲು ಆ ಪಾಠದ ಬಗ್ಗೆ ಲೇಖನ ಬರೆದಿದ್ದರು. ಇಲಾಖೆಯ ಮೇಲಿನ ಸಾಹೇಬರು ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರಂತೆ: ಒಂದೂವರೆ ವರ್ಷದೊಳಗೆ ಲೇಖನ ಅಚ್ಚಿಗೆ ಒಪ್ಪಿಗೆಯಾದರೆ ಪಾಠ ಮುಂದುವರೀಲಿ, ಇಲ್ಲದಿದ್ದರೆ ಬಂದ್.

ಆ ಪಾಠದ ಋಣ ನನ್ನ ಮೇಲಿತ್ತು. ಹೆಬ್ಬೂರಿನ ನಮ್ಮ ಮನೆಯಲ್ಲಿ ನನ್ನ ತಮ್ಮ ಏಳೆಂಟು ತಿಂಗಳು ಗೋಡೆ ಕಡೆ ಮುಖ ಮಾಡಿ ಕೂತಿದ್ದ. ಗಾಳಿ ಮೆಟ್ಟಿದೆ ಅಂತ ಅವನ ಕಾಲನ್ನು ದನದ ಕೊಟ್ಟಿಗೆಯ ಕಂಬಕ್ಕೆ ಕಟ್ಟಿದ್ದೆವು. ಕಟ್ಟಿದ್ದೆವು ಅಂತಲೇ ಬರೀತೀನಿ, ಹಗ್ಗ ತಂದುಕೊಟ್ಟವಳು ನಾನೇ. ಪಕ್ಕದ ಮನೆ ಮಗುವಿಗೆ ಸೂಜಿ ಹಾಕಲು ಬಂದ ನರ್ಸಮ್ಮ ನೋಡಿ, ಇದು ಗಾಳಿಯಲ್ಲ, ಕಾಯಿಲೆ, ಮೊದಲು ಬಿಚ್ಚಿ ಅಂದರು. ಆಕೆ ಕುಣಿಗಲ್ಲಿನಲ್ಲಿ ಆ ಪಾಠ ಕಲಿತು ಬಂದವರು. ತಮ್ಮ ಆಮೇಲೆ ಮಾತ್ರೆ ತಗೊಂಡು, ನಿಧಾನಕ್ಕೆ ಮನುಷ್ಯನಾದ. ಲೇಖನದಲ್ಲಿ ಅವನೇ ‘ಕೇಸ್ ನಾಲ್ಕು’.

ಹಾಗಾಗಿ ಭಯಭಕ್ತಿಯಿಂದ ಟೈಪ್ ಮಾಡಿದೆ. ಜರ್ನಲ್‌ನವರ ನಿಯಮದಂತೆ ಏನೇ ಕಳಿಸಿದರೂ ಮೂರು ಪ್ರತಿ ಇರಬೇಕು. ಎರಡು ಕಾರ್ಬನ್ ಇಟ್ಟು ಕುಟ್ಟಿದೆ. ಡಾಕ್ಟರು ಮೊದಲ ಕೆಲವು ಹಾಳೆಗಳನ್ನಷ್ಟೇ ಓದಿ ಕಳಿಸಿದರು.

ಮೂರು ತಿಂಗಳಿಗೆ ಲೇಖನ ವಾಪಸ್ ಬಂತು. ಜೊತೆಗೊಂದು ಕಾಗದ: ‘ಕೊನೆಯಲ್ಲಿ ನಮಗಾಗಿ ಸದಾ ಪ್ರಾರ್ಥಿಸುವುದಾಗಿ ಬರೆದಿದ್ದೀರಿ. ಕೃತಜ್ಞರು. ಅದನ್ನು ತೆಗೆದು ಮತ್ತೆ ಕಳಿಸಿ.’

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ವರ್ಷಗಟ್ಟಲೆ ತಾಲ್ಲೂಕು ಕಚೇರಿಗೆ ಇಂಗ್ಲಿಷ್ ಅರ್ಜಿ ಕುಟ್ಟಿದ ಕೈ. ಹಾಳೆ ಮುಗಿಯುತ್ತಿದ್ದಂತೆ ‘ಈ ಕೃಪೆಗಾಗಿ ಸದಾ ಪ್ರಾರ್ಥಿಸುವ ತಮ್ಮ ವಿಧೇಯ’ ಅಂತ ತಾನಾಗೇ ಬಂದುಬಿಟ್ಟಿತ್ತು. ಡಾಕ್ಟರು ಬೈಯಲಿಲ್ಲ. “ಇರ್ಲಿ ಬಿಡಮ್ಮ. ಸಾಹೇಬರಿಗೆ ಕಳಿಸೋ ಪ್ರತಿಯಲ್ಲಿ ಮಾತ್ರ ತೆಗೀಬೇಡ” ಅಂದರು.

ಹೆಸರು ಕಾಣಬಾರದು

ಎರಡನೇ ಸಲ ಡಾಕ್ಟರು ನಿಯಮದ ಹಾಳೆಯನ್ನು ತಂದು ನನ್ನ ಮುಂದಿಟ್ಟರು. ಲೇಖನವನ್ನು ತೂಗಿ ನೋಡುವ ಪರೀಕ್ಷಕರಿಗೆ ಬರೆದವರ ಹೆಸರು, ಊರು ಯಾವುದೂ ಗೊತ್ತಾಗಬಾರದು. ಹೆಸರು, ವಿಳಾಸ ಒಂದು ಬೇರೆ ಹಾಳೆಯಲ್ಲಿರಬೇಕು. ನಾನು ಮೊದಲನೇ ಸಾಲಿಗೇ ಬೆಚ್ಚಿಬಿದ್ದೆ. ಡಾಕ್ಟರ ಹೆಸರು ತೆಗೆದೆ. ಗುಬ್ಬಿ ತೆಗೆದೆ, ಕುಣಿಗಲ್ ತೆಗೆದೆ. ಆ ಬೇರೆ ಹಾಳೆಯನ್ನೂ ತೆಗೆದೆ. ಲಕೋಟೆಯ ಹಿಂದೆ ‘ಇಂದ’ ಅಂತ ಬರೆಯುವ ಜಾಗವನ್ನೂ ಖಾಲಿ ಬಿಟ್ಟೆ. ನಿಯಮ ಅಂದರೆ ನಿಯಮ.

ನಾಲ್ಕು ತಿಂಗಳು ಉತ್ತರವಿಲ್ಲ. ಡಾಕ್ಟರು ದಿನಾ ಪೋಸ್ಟ್‌ಮ್ಯಾನ್ ದಾರಿ ಕಾಯುತ್ತಿದ್ದರು. ಐದನೇ ತಿಂಗಳು ಒಂದು ಲಕೋಟೆ ಬಂತು. ಜರ್ನಲ್‌ನವರು ಅಂಚೆ ಮುದ್ರೆ ನೋಡಿ ವಿಳಾಸ ಬರೆದಿದ್ದರು: ‘ಮನಸ್ಸಿನ ಬಗ್ಗೆ ಕಲಿಸುವವರಿಗೆ, ತುಮಕೂರು, ಇಂಡಿಯಾ.’

ಅದು ನಮ್ಮೂರಿಗೆ ಬಂದೇ ಹದಿನೈದು ದಿನವಾಗಿತ್ತಂತೆ. ಪೋಸ್ಟ್‌ಮ್ಯಾನ್ ಅದನ್ನು ಮೊದಲು ಹರಿಕಥೆ ದಾಸರಿಗೆ ಕೊಟ್ಟಿದ್ದ, ಆಮೇಲೆ ಯೋಗಾಸನ ಹೇಳಿಕೊಡುವ ಮೇಷ್ಟ್ರಿಗೆ. ಇಬ್ಬರೂ ಒಡೆದು ಓದಿ, ನಮ್ಮದಲ್ಲ ಅಂತ ಮತ್ತೆ ಅಂಟಿಸಿ ಕೊಟ್ಟಿದ್ದರು. ಡಾಕ್ಟರು ನಾಲ್ಕನೆಯವರು. ಮೂರನೆಯವರು ಯಾರು ಅಂತ ಕೇಳಿದರೆ ಪೋಸ್ಟ್‌ಮ್ಯಾನ್ ತಲೆ ಕೆರೆದುಕೊಂಡು, “ನಮ್ಮತ್ತೆ ಸಾರ್” ಅಂದ.

ಉತ್ತರ ಪತ್ರಿಕೆ

ಆ ಲಕೋಟೆಯಲ್ಲಿ ಎರಡು ಪ್ರಶ್ನೆ ಇದ್ದವು. ಮೊದಲನೆಯದು, ನರ್ಸ್‌ಗಳಿಗೆ ಪಾಠ ನಿಜವಾಗಿ ಅರ್ಥವಾಗಿದೆಯೇ, ಅವರ ಉತ್ತರ ಪತ್ರಿಕೆ ಕಳಿಸಿ ಅಂತ.

ಡಾಕ್ಟರು ಕುಣಿಗಲ್ಲಿನಲ್ಲಿ ಪರೀಕ್ಷೆ ಇಟ್ಟರು. ಒಬ್ಬರು ನರ್ಸಮ್ಮ ಲಕ್ಷಣಗಳನ್ನು ಚೊಕ್ಕವಾಗಿ ಬರೆದಿದ್ದರು: ಒಬ್ಬರೇ ಮಾತಾಡಿಕೊಳ್ಳುವುದು, ಊಟದ ಪರಿವೆ ಇಲ್ಲದಿರುವುದು, ವಸ್ತುಗಳನ್ನು ಮರೆತು ಹೋಗುವುದು. ಇಂಥವರು ಯಾರಾದರೂ ನಿಮ್ಮ ಕಣ್ಣಿಗೆ ಬಿದ್ದಿದ್ದಾರೆಯೇ ಅನ್ನುವ ಪ್ರಶ್ನೆಗೆ ಆಕೆಯ ಉತ್ತರ: ‘ಬಿದ್ದಿದ್ದಾರೆ. ಪ್ರತಿ ಗುರುವಾರ ಬಸ್ಸಿಳಿದು ಒಬ್ಬರೇ ಮಾತಾಡಿಕೊಂಡು ಬರುತ್ತಾರೆ. ಛತ್ರಿ ಎರಡು ಸಲ ಇಲ್ಲೇ ಬಿಟ್ಟು ಹೋಗಿದ್ದಾರೆ. ಹೆಸರು ಬರೆಯಲು ಭಯ, ಈ ಪತ್ರಿಕೆ ತಿದ್ದುವವರು ಅವರೇ.’

ಗುರುವಾರ ಕುಣಿಗಲ್ಲಿಗೆ ಹೋಗುತ್ತಿದ್ದವರು ನಮ್ಮ ಡಾಕ್ಟರು. ಪಾಠ ಮರೆತೀತು ಅಂತ ದಾರಿಯುದ್ದಕ್ಕೂ ಬಾಯಿಪಾಠ ಮಾಡುವ ಅಭ್ಯಾಸ. ಪೂರ್ತಿ ಅಂಕ ಕೊಟ್ಟರು. ಛತ್ರಿ ತರಲು ಮಾತ್ರ ಮುಂದಿನ ವಾರವೂ ಮರೆತರು.

ಕೇಸ್ ನಾಲ್ಕು

ಎರಡನೇ ಪ್ರಶ್ನೆಗೆ ಡಾಕ್ಟರು ಸೋತುಹೋದರು. ‘ಕೇಸ್ ನಾಲ್ಕು ಗುಣಮುಖ ಅಂದಿದ್ದೀರಿ. ಅದು ನಿಮ್ಮದೇ ಮಾತಾಯಿತು. ಬೇರೆ ಪುರಾವೆ ಏನಿದೆ?’ ಸಾಹೇಬರ ಗಡುವಿಗೆ ನಾಲ್ಕೇ ತಿಂಗಳು ಉಳಿದಿತ್ತು. ಗುಣವಾದ ಮನಸ್ಸನ್ನು ಯಾವ ಕಾಗದದ ಮೇಲೆ ತೋರಿಸೋದಮ್ಮ ಅಂತ ನನ್ನನ್ನೇ ಕೇಳಿದರು. ನನಗೆ ಹಗ್ಗ ನೆನಪಾಯಿತು.

ಅದೇ ವಾರ ತಮ್ಮ ಮೂಲೆಗೆ ಅರಿಶಿನ ಹಚ್ಚಿದ ಲಗ್ನಪತ್ರಿಕೆ ಹಿಡಿದು ಡಾಕ್ಟರನ್ನು ಕರೆಯಲು ಬಂದ. ಮಾತ್ರೆಯ ವಿಷಯ ಮುಚ್ಚಿಡಬಾರದು ಅಂತ ಹಟ ಹಿಡಿದು ಹೆಣ್ಣಿನ ಮನೆಯಲ್ಲಿ ಅವನೇ ಹೇಳಿದ್ದ. ನಮ್ಮಪ್ಪನೂ ಸಕ್ಕರೆ ಕಾಯಿಲೆಗೆ ದಿನಾ ಮಾತ್ರೆ ನುಂಗ್ತಾರೆ ಅಂದಿದ್ದಳಂತೆ ಹುಡುಗಿ. ಡಾಕ್ಟರು ಪತ್ರಿಕೆಯನ್ನು ಬಹಳ ಹೊತ್ತು ನೋಡಿದರು. ಕನ್ನಡಕ ತೆಗೆದು ಒರೆಸಿಕೊಂಡು, ಇದನ್ನು ಕಳಿಸಬಹುದೇನಪ್ಪ ಅಂತ ಕೇಳಿದರು. ತಮ್ಮ ಹೂಂ ಅಂದ.

ಹೆಸರು ಕಾಣಬಾರದಲ್ಲ? ಪತ್ರಿಕೆಯನ್ನು ಹೆಬ್ಬೂರಿನ ಮನೆಗೆ ತಂದು ಕಪ್ಪು ಮಸಿ ಕೈಗೆತ್ತಿಕೊಂಡೆ. ಅಮ್ಮ ಕೈ ಹಿಡಿದುಕೊಂಡಳು. “ಲಗ್ನಪತ್ರಿಕೆಗೆ ಮಸಿ ಬಳೀತೀಯೇನೇ? ಬುಡು ಇಲ್ಲಿ” ಅಂತ ಕಿತ್ತುಕೊಂಡು, ಅರಿಶಿನ ಕಲೆಸಿ ಗಂಡಿನ ಹೆಸರಿಗೆ, ಹೆಣ್ಣಿನ ಹೆಸರಿಗೆ, ಊರಿಗೆ ಗಟ್ಟಿಯಾಗಿ ಮೆತ್ತಿದಳು. ಅರ್ಧ ಪತ್ರಿಕೆ ಹಳದಿ. ಡಾಕ್ಟರು ಕೆಳಗೆ ಇಂಗ್ಲಿಷಿನಲ್ಲಿ ವಿವರ ಬರೆದು ಕಳಿಸಿದರು.

ಗಡುವಿಗೆ ಹನ್ನೊಂದು ದಿನ ಇದ್ದಾಗ ಉತ್ತರ ಬಂತು. ಲೇಖನ ಸ್ವೀಕಾರವಾಗಿತ್ತು. ಡಾಕ್ಟರು ಆ ಸಾಲನ್ನು ಮೂರು ಸಲ ಓದಿಸಿದರು. ನಾನು ಅತ್ತುಬಿಟ್ಟೆ. ಪಾಠ ಉಳಿಯಿತು. ಕೆಳಗೆ ಇನ್ನೊಂದು ಸಾಲಿತ್ತು: ‘ಹಳದಿ ಬಣ್ಣದ ಪುರಾವೆ ಒಂದೇ ಬಂದಿದೆ. ನಮ್ಮ ನಿಯಮದಂತೆ ಮೂರು ಇರಬೇಕು. ಇನ್ನೆರಡು ಕಳಿಸಿ.’

ಅಷ್ಟರಲ್ಲಿ ತಮ್ಮನ ಮದುವೆ ಮುಗಿದಿತ್ತು. ಹೆಂಡತಿ ಜೊತೆ ನನ್ನ ಮನೆಗೆ ಊಟಕ್ಕೆ ಬಂದಿದ್ದವನಿಗೆ ಓದಿ ಹೇಳಿದೆ. ಅವನು ಹೆಂಡತಿ ಮುಖ ನೋಡಿದ, ಆಮೇಲೆ ನನ್ನ ಮುಖ. “ಪತ್ರಿಕೆ ಬೇಕಾದಷ್ಟು ಉಳಿದವೆ, ಕಳ್ಸಕ್ಕ. ಆದ್ರೆ ಮದುವೆ ಒಂದೇ ಅಂತ ಕೆಳಗೆ ಸ್ಪಷ್ಟವಾಗಿ ಟೈಪ್ ಮಾಡು” ಅಂದ.

ಹಾಗೇ ಟೈಪ್ ಮಾಡಿದೆ. ಮುಗಿಸುವ ಹೊತ್ತಿಗೆ ಕೈ ತನ್ನ ಹಳೇ ಚಾಳಿಗೆ ಬಿತ್ತು: ‘ಈ ಕೃಪೆಗಾಗಿ ಸದಾ ಪ್ರಾರ್ಥಿಸುವ ತಮ್ಮ ವಿಧೇಯ.’ ಈ ಸಲ ಡಾಕ್ಟರು ಕಾರ್ಬನ್ ಪ್ರತಿಗಳನ್ನೂ ಬಿಡದೆ ಕೊನೆಯ ಸಾಲಿನವರೆಗೆ ಓದಿದರು. ಎಲ್ಲ ಓದಿ, ಆ ಸಾಲನ್ನು ಹೊಡೆದುಹಾಕದೆ, ಕೆಳಗೆ ಸಹಿ ಹಾಕಿದರು.