ನೂರನೆಯ ದೂರು

ಎಡವಟ್ಟು ಶುರುವಾದದ್ದು ನೂರನೆಯ ದೂರಿನಿಂದ. ಅಷ್ಟು ಹೊತ್ತಿಗೆ ದಯಾನಂದ ತೊಂಬತ್ತೊಂಬತ್ತನ್ನು ಮುಗಿಸಿ, ಕುರ್ಚಿಗೆ ಒರಗಿ ಕಾಲು ಚಾಚಿದ್ದ.

ಅದು ಎರಡು ಸಾವಿರದ ಒಂಬತ್ತನೇ ಇಸವಿ. ಹಾರೋಹಳ್ಳಿಯ ಸೋಪಿನ ಫ್ಯಾಕ್ಟರಿಯ ಹಿಂದಿದ್ದ ಆ ಪುಟ್ಟ ಆಫೀಸಿನ ಕೆಲಸ ಇಷ್ಟೇ: ಬೆಂಗಳೂರಿನ ಒಂದು ಕಂಪನಿಯ ಸಾಫ್ಟ್‌ವೇರಿನ ಮೇಲೆ ಬರುವ ದೂರುಗಳನ್ನು ಎರಡು ಖಾನೆಗೆ ಹಂಚುವುದು. ಒಂದೊಂದು ಖಾನೆಯ ದೂರು ನೋಡಿ ಸರಿಮಾಡಲು ಬೆಂಗಳೂರಿನಲ್ಲಿ ಒಂದೊಂದು ತಂಡ. ಒಂದೇ ಕಂಪ್ಯೂಟರಿನ ಹೊಟ್ಟೆಯಲ್ಲಿ ನಾಲ್ಕು ಕಂಪ್ಯೂಟರ್ ಓಡಿಸುವ ಸಾಫ್ಟ್‌ವೇರಿನ ದೂರು ‘ವರ್ಚುವಲ್’ ಖಾನೆಗೆ. ಡಿಸ್ಕಿನ ಜಾಗ ಹಂಚುವ ಸಾಫ್ಟ್‌ವೇರಿನದು ‘ಡಿಸ್ಕ್’ ಖಾನೆಗೆ. ಮೊದಲೆರಡು ಸಾಲು ಓದಿದರೆ ಸಾಕೆಂಬುದು ಅಲ್ಲಿನ ರೂಢಿ. ಮೂರು ತಿಂಗಳು ದಿನಕ್ಕೆ ನೂರರಂತೆ ಮುಗಿಸಿದವನಿಗೆ ಕೆಲಸ ಪರ್ಮನೆಂಟ್. ದಯಾನಂದನಿಗೆ ಅಂದೇ ಕೊನೆಯ ದಿನ. ಕೆಲಸ ಪರ್ಮನೆಂಟ್ ಆಯಿತೆಂದು ತನ್ನೂರು ಕೈಲಾಂಚದ ಬಸ್ ಸ್ಟಾಪಿನಲ್ಲಿ ಬೆಳಿಗ್ಗೆಯೇ ಕಂಡವರಿಗೆಲ್ಲ ಹೇಳಿಬಿಟ್ಟಿದ್ದ ಪುಣ್ಯಾತ್ಮ.

ನೂರನೆಯದು ಹೀಗಿತ್ತು: ‘ಒಳಗಿನ ಕಂಪ್ಯೂಟರಿಗೆ ತನ್ನ ಡಿಸ್ಕ್ ಆಗಾಗ ಕಾಣುತ್ತಿಲ್ಲ. ತುರ್ತಾಗಿ ನೋಡಿ.’

“ಒಳಗಿನ ಕಂಪ್ಯೂಟರ್ ಅಂತ ಬರ್ದೈತೆ ಕಣ್ಲಾ. ವರ್ಚುವಲ್‌ಗೆ ಹಾಕು,” ಎಂದ ಪಕ್ಕದ ಸೀಟಿನ ನಾಗರಾಜು.

“ಕಾಣ್ದಿರೋದು ಡಿಸ್ಕು ತಾನೇ?” ಎಂದರು ಎದುರಿನ ಮೀನಾಕ್ಷಮ್ಮ. “ಒಡವೆ ಕಳೆದ್ರೆ ಒಡವೆ ಹುಡುಕ್ತಾರಾ, ಬೀರು ರಿಪೇರಿ ಮಾಡಿಸ್ತಾರಾ?”

“ಬೀರು ಬಾಗ್ಲೇ ನೆಟ್ಟಗಿಲ್ದಿದ್ರೆ?” ಎಂದ ನಾಗರಾಜು.

ದಯಾನಂದ ವರ್ಚುವಲ್‌ಗೆ ಹಾಕಿದ. ಮೀನಾಕ್ಷಮ್ಮ ಮುಖ ಊದಿಸಿಕೊಂಡರು. ಡಿಸ್ಕಿಗೆ ಹಾಕಿದ. ನಾಗರಾಜು ಮೌಸನ್ನೇ ಕಿತ್ತುಕೊಂಡ. ಗಂಟೆ ಮೂರಾಯಿತು, ಮೂರೂವರೆಯಾಯಿತು. ಗಲಾಟೆ ಕೇಳಿ ವಾಚ್‌ಮನ್ ದಾಸಪ್ಪ ಒಳಗೆ ಬಂದ. ಊರಲ್ಲಿ ಹತ್ತಾರು ಮನೆಯ ಪಾಲುಪಾರೀಕತ್ತು ತೀರ್ಮಾನ ಮಾಡಿದ ಮನುಷ್ಯ.

“ಅಣ್ತಮ್ಮಂದ್ರು ಒಂದು ಬಾವಿಗೆ ಕಿತ್ತಾಡುದ್ರೆ ಏನ್ ಮಾಡ್ತೀವಿ? ಇಬ್ರಿಗೂ ಸೇರಿದ್ದು ಅಂತ ಬರುಸ್ತೀವಿ. ಇದ್ನೂ ಎಲ್ಡು ಕಡೀಕೂ ಹಾಕ್ಬುಡಪ್ಪ.”

ದಯಾನಂದ ದೂರಿಗೊಂದು ನಕಲು ಮಾಡಿ ಎರಡೂ ಖಾನೆಗೆ ಹಾಕಿದ. ಯಾರಿಗೂ ಬೇಜಾರಿಲ್ಲ. ಬಾಕಿ ಸೊನ್ನೆ ಎಂದು ತೋರಿಸಿತು ಪರದೆ. ಅವನಿಗೆ ನಿಜಕ್ಕೂ ಕಣ್ಣು ತುಂಬಿ ಬಂತು. ಓಡಿ ಹೋಗಿ ಮೈಸೂರು ಪಾಕ್ ತಂದು ಹಂಚಿದ.

ಐದಕ್ಕೆ ಮ್ಯಾನೇಜರ್ ಜಯಕುಮಾರ್ ಬಂದರು. ಮೈಸೂರು ಪಾಕ್ ಮುಟ್ಟಲಿಲ್ಲ.

“ಬೆಳಿಗ್ಗೆ ನಾನೇ ಒಂದು ದೂರು ಕಳ್ಸಿದ್ದೆ, ನಮ್ಮ ಆಫೀಸಿನ ಕಂಪ್ಯೂಟರ್‌ದೇ. ಡಿಸ್ಕ್‌ನೋರು ನೋಡ್ತಾರೆ ಅಂತ ವರ್ಚುವಲ್‌ನೋರು ಬಿಟ್ಟವ್ರೆ. ವರ್ಚುವಲ್‌ನೋರು ನೋಡ್ತಾರೆ ಅಂತ ಡಿಸ್ಕ್‌ನೋರು ಬಿಟ್ಟವ್ರೆ. ಈಗ ಡಿಸ್ಕೇ ಪೂರ್ತಿ ಹೋಯ್ತು.”

ದಯಾನಂದ ಮೆಲ್ಲಗೆ ನೂರನೆಯ ದೂರನ್ನು ತೆರೆದು ಮೂರನೇ ಸಾಲು ಓದಿದ. ‘ಇಂತಿ, ಜಯಕುಮಾರ್, ಹಾರೋಹಳ್ಳಿ.’

“ಆ ಡಿಸ್ಕಲ್ಲಿ ಏನಿತ್ತು ಸಾರ್?”

“ನಿನ್ ಮೂರು ತಿಂಗ್ಳ ಕೆಲ್ಸದ ದಾಖಲೆ ಕಣಪ್ಪ. ಅದಿಲ್ದೆ ಹೆಡ್ ಆಫೀಸ್‌ನೋರು ಪರ್ಮನೆಂಟ್ ಮಾಡಲ್ಲ. ನಾಳೆಯಿಂದ ಮತ್ತೆ ಮೊದ್ಲಿಂದ ಶುರು ಮಾಡು. ಈಗ ಹೊಸ ದೂರು ಬರ್ದು ಕಳ್ಸು.”

ದಯಾನಂದ ಬರೆದ: ‘ಒಳಗಿನ ಕಂಪ್ಯೂಟರಿನ ಡಿಸ್ಕ್ ಸಂಪೂರ್ಣ ಕಾಣೆಯಾಗಿದೆ.’ ಯಾವ ಖಾನೆಗೆ ಎಂದು ಪರದೆ ಕೇಳಿತು. ಅವನ ಬೆನ್ನ ಹಿಂದೆ ನಾಗರಾಜು ಒಂದು ಕಡೆಯಿಂದ, ಮೀನಾಕ್ಷಮ್ಮ ಇನ್ನೊಂದು ಕಡೆಯಿಂದ ಕುರ್ಚಿ ಎಳೆದುಕೊಂಡು ಬಂದರು.